ಮೊದಲು ಮಂಚ, ಆಮೇಲೆ ಗೋಡೆ

ಚಿಂತಾಮಣಿಯ ಟೊಮೆಟೊ ಮಂಡಿಯ ಹೊರಗೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಕ್ರೇಟು ಎಣಿಸುವವರಿಗೆ, ಹರಾಜು ಕೂಗುವವರಿಗೆ ಲಾರಿ ಅಂದರೆ ಬಾಡಿಗೆ, ಟನ್ನು, ಡೀಸೆಲ್ಲು. ಕೊಳ್ಳುವುದೂ ಮಾರುವುದೂ ಇಲ್ಲದ ನನ್ನಂಥವರಿಗೆ ಮಾತ್ರ ಅದರ ಕ್ಯಾಬಿನ್ನು ನೋಡಲು ಪುರಸೊತ್ತು. ಹಳೇ ಕಾಲದ ಮರದ ಕ್ಯಾಬಿನ್ನಿನ ಲಾರಿ ಕಂಡರೆ, ಡ್ರೈವರಣ್ಣನನ್ನು ಕೇಳಿಕೊಂಡು ಒಮ್ಮೆ ಒಳಗೆ ಇಣುಕಬೇಕು.

ಸೀಟಿನ ಹಿಂದೆ ಅಡ್ಡಕ್ಕೆ ಒಂದು ಹಲಗೆ. ಹಗಲು ಅದು ಬೆಂಚು, ರಾತ್ರಿ ಮಂಚ. ಎತ್ತಿದರೆ ಕೆಳಗೆ ಪೆಟ್ಟಿಗೆ: ಸ್ಪ್ಯಾನರು, ಜಾಕಿ, ಹಗ್ಗ, ಮಡಿಸಿಟ್ಟ ಕಂಬಳಿ. ಮುಂದಿನ ಗಾಜಿನ ಬುಡದಲ್ಲಿ ಅಂಗೈಯಗಲದ ದೇವರ ಗೂಡು, ಊದುಬತ್ತಿ ಸಿಕ್ಕಿಸಲು ತೂತು. ಸೂರಿಗೆ ಹೂವಿನ ರೆಕ್ಸಿನ್ನು. ಹೊರಗೆ ಚಾಸಿಯ ಪಕ್ಕಕ್ಕೆ ತಗಡಿನ ಡಬ್ಬಿ, ಅದರಲ್ಲಿ ಪಂಪ್ ಸ್ಟೌ, ಎರಡು ಪಾತ್ರೆ, ಅಕ್ಕಿ, ಮೆಣಸಿನಪುಡಿ. ಕ್ಯಾಬಿನ್ನಿನ ತಲೆಯ ಮೇಲೆ ಟಾರ್ಪಾಲು ಇಡುವ ಕ್ಯಾರಿಯರ್. ಸೆಖೆಯ ರಾತ್ರಿ ಕ್ಲೀನರ್ ಹುಡುಗನ ಹಾಸಿಗೆ ಅಲ್ಲೇ. ಒಂದು ಸಂಸಾರಕ್ಕೆ ಬೇಕಾದದ್ದೆಲ್ಲ ಇದೆ, ಒಂದು ಗೇಣು ಜಾಗವೂ ದಂಡವಾಗಿಲ್ಲ.

ಇದನ್ನು ಲಾರಿ ಕಂಪನಿ ಮಾಡಿದ್ದಲ್ಲ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೂಡಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸಲು ಶುರು ಮಾಡಿದ ಮೇಲೆ ದಶಕಗಟ್ಟಲೆ ಗಿರಾಕಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಬರೀ ಚಾಸಿ. ಇಂಜಿನ್, ಗಾಲಿ, ಸ್ಟೇರಿಂಗು, ಒಂದು ಮೂತಿ, ಅಷ್ಟೇ. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಡ್ರೈವರು ಬಿಸಿಲು ಗಾಳಿಗೆ ಮೈಯೊಡ್ಡಿ ಅದನ್ನು ನೂರಾರು ಮೈಲಿ ಓಡಿಸಿಕೊಂಡು ಬಂದು ಬಾಡಿ ಕಟ್ಟುವ ಶೆಡ್ಡಿಗೆ ಬಿಡುತ್ತಿದ್ದ. ಮನೆ ಕಟ್ಟುವ ಕೆಲಸ ಅಲ್ಲಿಂದ ಆಚಾರಿಯದು.

ಚಾಸಿ ಅಂದರೆ ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುನಡುವೆ ಅಡ್ಡಪಟ್ಟಿ. ಸಮನೆಲದಲ್ಲಿ ನೆಟ್ಟಗಿರುವ ಈ ತೊಲೆಗಳು ಒಂದು ಗಾಲಿ ಹಳ್ಳಕ್ಕೆ ಇಳಿದೊಡನೆ ತಿರುಚಿಕೊಳ್ಳುತ್ತವೆ. ಅವನ್ನು ಮಾಡಿದ್ದೇ ಹಾಗೆ. ಮೇಲೆ ಕೂರುವ ಮನೆ ಹಠ ಹಿಡಿದು ಬಿಗಿಯಾಗಿಯೇ ಇದ್ದರೆ ಮೂಲೆಗಳು ಸೀಳುತ್ತವೆ, ಬಾಗಿಲು ಕಚ್ಚಿಕೊಳ್ಳುತ್ತದೆ. ಹಾಗಾಗಿ ಆಚಾರಿ ಮೊದಲು ಉಕ್ಕಿನ ಮೇಲೆ ಉದ್ದಕ್ಕೂ ಗಟ್ಟಿಮರದ ಪಟ್ಟಿ ಮಲಗಿಸುತ್ತಾನೆ. ಅದರ ಮೇಲೆ ಅಡ್ಡ ತೊಲೆ, ಅದರ ಮೇಲೆ ನೆಲಹಲಗೆ. ಮರವನ್ನೂ ಉಕ್ಕನ್ನೂ ಒಟ್ಟಿಗೆ ಹಿಡಿಯುವುದು ಯು-ಬೋಲ್ಟು, ಹೊರಗಿನಿಂದ ತಬ್ಬಿದ ಹಾಗೆ. ಚಾಸಿಯ ತೊಲೆಯ ಅಂಚಿಗೆ ತೂತು ಕೊರೆಯುವಂತಿಲ್ಲ. ಕೊರೆದರೆ ಭಾರ ಬಿದ್ದ ದಿನ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಹೊಸ ಬಾಡಿ ಸ್ವಲ್ಪ ದಿನ ಕಿರುಗುಟ್ಟುತ್ತದೆ. ಮರ ಕೂತುಕೊಂಡ ಮೇಲೆ ಬೋಲ್ಟುಗಳನ್ನೆಲ್ಲ ಮತ್ತೊಂದು ಸುತ್ತು ಬಿಗಿಸಬೇಕು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬ ಈ ಲೆಕ್ಕ ಕಾಗದದ ಮೇಲೆ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ಕಲೆ ಇರುವುದು ಅದರಲ್ಲೇ. ಬಣ್ಣ, ಬೇಗಡೆಯೆಲ್ಲ ಆಮೇಲಿನ ಮಾತು.

ಬಣ್ಣವೂ ಕಡಿಮೆಯದೇನಲ್ಲ. ನ್ಯಾಷನಲ್ ಪರ್ಮಿಟ್ಟಿನ ಲಾರಿ ಒಣಗಿದೆಲೆಯ ಕಂದು ಬಣ್ಣದಲ್ಲಿರಬೇಕು, ಅಂಚಿಗೆ ಬಿಳಿ ಎಂದು ಕಾನೂನಿತ್ತು. ಕಾನೂನು ಕೈಬಿಟ್ಟ ಜಾಗದಲ್ಲೆಲ್ಲ ಪೇಂಟರು ನವಿಲು, ಕಮಲ, ಹಸು-ಕರು ತುಂಬಿದ.

ಗಾಲಿಯ ಮೇಲೆ ಬದುಕುವುದು ಈ ಸೀಮೆಗೆ ಲಾರಿ ಕಲಿಸಿದ್ದಲ್ಲ. ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ರಥ, ದನಗಳ ಜಾತ್ರೆ. ಗೌರಿಬಿದನೂರಿನ ಕಡೆಯವರಿಗೆ ವಿದುರಾಶ್ವತ್ಥದ ಜಾತ್ರೆ. ಶಿಡ್ಲಘಟ್ಟ, ಚಿಂತಾಮಣಿಯ ಹಳ್ಳಿಗಳಿಂದ ಕಮಾನು ಬಂಡಿ ಹೂಡಿಕೊಂಡು ಹೊರಟವರಿಗೆ ಜಾತ್ರೆ ಮುಗಿಯುವ ತನಕ ಬಂಡಿಯೇ ಮನೆ. ಬಿದಿರು ಬಗ್ಗಿಸಿ ಚಾಪೆ ಹೊದಿಸಿದ ಕಮಾನು ಸೂರು, ಒಳಗೆ ಹುಲ್ಲು ಹಾಸಿದ ಹಾಸಿಗೆ, ಮೂರು ಕಲ್ಲಿನ ಒಲೆ ಪಕ್ಕದಲ್ಲಿ. ಆ ಬಂಡಿಯೂ ಬಿಗಿ-ಸಡಿಲದ ಲೆಕ್ಕವೇ. ಕಬ್ಬಿಣದ ಪಟ್ಟಾವನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ನೀರು ಹುಯ್ದರೆ ಅದು ಕುಗ್ಗಿ ಅರೆಕಾಲುಗಳನ್ನೆಲ್ಲ ಗುಂಬಕ್ಕೆ ಒತ್ತಿ ಕೂರಿಸುತ್ತದೆ. ಒಂದು ಮೊಳೆಯ ಹಂಗೂ ಬೇಡ.

ಗಾಲಿಯ ಮೇಲೆ ಬದುಕುವ ಇದೇ ಆಸೆಗೆ ಅಮೆರಿಕದವರು ಕಾರ್ಖಾನೆ ಹಾಕಿದರು. ಮಿಷಿಗನ್ನಿನ ರೇಮಂಡ್ ಫ್ರಾಂಕ್ ತನ್ನ ಸಂಸಾರಕ್ಕೆಂದು ಕಟ್ಟಿಕೊಂಡ ಗಾಲಿಮನೆ ನೆರೆಯವರ ಕಣ್ಣಿಗೆ ಬಿದ್ದು, 1961ರಿಂದ ಡಾಡ್ಜ್ ಚಾಸಿಯ ಮೇಲೆ ಕಟ್ಟಿ ಮಾರತೊಡಗಿದ. ಅಯೋವಾದ ವಿನ್ನೆಬಾಗೊ ಕಂಪನಿ 1966ರಲ್ಲಿ ಕಾರಿನ ಹಾಗೆ ಸಾಲಿನಲ್ಲಿ ನಿಲ್ಲಿಸಿ ತಯಾರಿಸಿತು: ಹೊರಗೆ ತೆಳು ಅಲ್ಯೂಮಿನಿಯಂ, ಒಳಗೆ ಮರದ ಹಾಳೆ, ನಡುವೆ ನೊರೆಯಂತೆ ಹಗುರವಾದ ಫೋಮು. ಇಂಥ ಕಾರ್ಖಾನೆಗಳ ಕ್ರಮ ನನಗೆ ಬಹಳ ಇಷ್ಟ. ನಾವು ಗೋಡೆ ಎಬ್ಬಿಸಿ, ಸೂರು ಹೊದಿಸಿ, ಗೃಹಪ್ರವೇಶ ಮಾಡಿ, ಆಮೇಲೆ ಬಾಗಿಲಲ್ಲಿ ತೂರದ ಮಂಚವನ್ನು ಬಿಚ್ಚಿ ಒಳಗೆ ಸಾಗಿಸುತ್ತೇವೆ. ಅವರು ಮೊದಲು ನೆಲ ಹಾಸಿ, ಅದರ ಮೇಲೆ ಅಡುಗೆ ಕಟ್ಟೆ, ಕಪಾಟು, ಮಂಚ ಎಲ್ಲ ಕೂರಿಸಿ, ಆಮೇಲೆ ಸುತ್ತ ಗೋಡೆ ನಿಲ್ಲಿಸಿ, ಕೊನೆಗೆ ಸೂರು ಮುಚ್ಚುತ್ತಾರೆ.

ಆ ಪೈಕಿ ಅತಿ ಚೆಲುವಾದದ್ದು ಜನರಲ್ ಮೋಟಾರ್ಸಿನ ಜಿಎಂಸಿ ಮೋಟಾರ್‌ಹೋಮ್. 1973ರಿಂದ 1978ರ ತನಕ ಕಟ್ಟಿದ್ದು 12,921. ಇಂಜಿನ್ನು ಎಳೆಯುವುದು ಮುಂದಿನ ಗಾಲಿಗಳನ್ನೇ, ಆದ್ದರಿಂದ ನೆಲದಡಿ ಉದ್ದನೆಯ ಶಾಫ್ಟಿಲ್ಲ, ನೆಲ ತಗ್ಗಿನಲ್ಲಿದೆ, ಹತ್ತಲು ಏಣಿಯ ಕಷ್ಟವಿಲ್ಲ. ಹಿಂದೆ ಒಂದೊಂದು ಪಕ್ಕಕ್ಕೆ ಎರಡೆರಡು ಗಾಲಿ, ಗಾಳಿಚೀಲದ ಮೇಲೆ. ಅಲ್ಯೂಮಿನಿಯಂ ಪಕ್ಕೆಲುಬುಗಳ ಮೇಲೆ ಹಾಳೆಗಳನ್ನು ಅಂಟಿನಿಂದ ಕೂಡಿಸಿದ್ದರು; ಅಂಟೂ ತುಸು ಬಾಗಿ ಕೊಡುತ್ತದೆ. ನಮ್ಮ ಆಚಾರಿ ಮರದಿಂದ ಪಡೆದದ್ದನ್ನು ಅವರು ರಸಾಯನದಿಂದ ಪಡೆದರು.

ಅಲ್ಯೂಮಿನಿಯಂ ಇಂಥ ಗಾಲಿಮನೆಗಳಿಗೆ ಬಂದದ್ದು ವಿಮಾನದಿಂದ. ವಾಲಿ ಬಯಮ್ ಎಂಬಾತನ ಏರ್‌ಸ್ಟ್ರೀಮ್, ಕಾರಿನ ಹಿಂದೆ ಎಳೆದೊಯ್ಯುವ ಮನೆ, 1936ರಲ್ಲೇ ವಿಮಾನದ ಹಾಗೆ ರಿವೆಟ್ಟು ಹೊಡೆದು ಮಾಡಿದ್ದು. ಈ ಕತೆಯ ಒಂದು ಕೊಂಡಿ ಚಿಕ್ಕಬಳ್ಳಾಪುರದ ಹತ್ತಿರವೇ ಇದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ, ಎಪ್ಪತ್ತು ದಾಟಿದ ಮೇಲೆ, ಯೂರೋಪು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಭಾರತಕ್ಕೊಂದು ಯೋಜನೆ ಬರೆದರು. ಸರ್ಕಾರ ಕೈಹಿಡಿಯಲಿಲ್ಲ. ಅವರ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು, 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್. ಯುದ್ಧ ಮುಗಿದು ವಿಮಾನದ ಕೆಲಸ ಇಳಿದಾಗ ಬೆಂಗಳೂರಿನ ಅದೇ ಕಾರ್ಖಾನೆ ರೈಲು ಡಬ್ಬಿ, ಬಸ್ಸಿನ ಬಾಡಿ ಕಟ್ಟಿತು. ರೆಕ್ಕೆಗೆ ರಿವೆಟ್ಟು ಹೊಡೆದ ಕೈಗಳೇ ಬಸ್ಸಿನ ಪಕ್ಕೆಗೂ ಹೊಡೆದವು.

ಈಗ ಲಾರಿಯ ಕ್ಯಾಬಿನ್ನು ಕಂಪನಿಯಲ್ಲೇ ಉಕ್ಕಿನ ಹಾಳೆ ಒತ್ತಿ ಬರುತ್ತದೆ. 2025ರಿಂದ ತಯಾರಾಗುವ 3.5 ಟನ್ನಿಗೆ ಮೇಲ್ಪಟ್ಟ ಲಾರಿಗಳಿಗೆ ಎ.ಸಿ. ಕಡ್ಡಾಯ. ಒಳ್ಳೆಯದೇ ಆಯಿತು. ಮರದ ಕ್ಯಾಬಿನ್ನು ಅಪಘಾತದಲ್ಲಿ ಚಪ್ಪಟೆಯಾಗುತ್ತಿತ್ತು. ಬೇಸಿಗೆಯಲ್ಲಿ ಇಂಜಿನ್ನಿನ ಕಾವು ಡ್ರೈವರಿನ ಮೊಣಕಾಲು ಸುಡುತ್ತಿತ್ತು. ಅದರ ಚೆಲುವನ್ನು ಹೊಗಳುವ ನಾನು ಅದರಲ್ಲಿ ದೆಹಲಿಯ ತನಕ ಹೋಗಿ ಬಂದವನಲ್ಲ.

ಆದರೂ ಗುಜರಿಗೆ ಹೋಗುತ್ತಿರುವವುಗಳಲ್ಲಿ ಒಂದನ್ನಾದರೂ ಉಳಿಸಿಕೊಳ್ಳಬೇಕು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಮುದ್ದೇನಹಳ್ಳಿಯ ಆ ಹಿರಿಯರ ಹೆಸರಿನದೇ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯವಿದೆ. ನಮ್ಮ ಸೀಮೆಯ ಯಾರಾದರೂ ಲಾರಿ ಮಾಲೀಕರು ಒಂದು ಮರದ ಕ್ಯಾಬಿನ್ನನ್ನು ಹಲಗೆ, ಬೋಲ್ಟು, ದೇವರ ಗೂಡು ಸಮೇತ ಅಲ್ಲಿಗೆ ಒಪ್ಪಿಸಲಿ. ಸಂಗ್ರಹಾಲಯದವರೂ ಇದನ್ನು ಗುಜರಿ ಎನ್ನದೆ ಒಂದು ಮೂಲೆ ಕೊಡಲಿ. ಜೊತೆಗೆ ಅದನ್ನು ಕಟ್ಟಿದ ಆಚಾರಿಯ ಹೆಸರನ್ನೂ ಬರೆಸಲಿ.