ಹಸಿರಿಗೆ ಕೊಟ್ಟ ದುಡ್ಡು

ಸುವೊನ್‌ನಲ್ಲಿ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಒಂದು ಅಗ್ಗದ ಸೂಪರ್ ಮಾರ್ಕೆಟ್ ಇದೆ. ತಿಂಗಳ ಕೊನೆಯ ವಾರ ನಾವು ಅಲ್ಲಿಗೇ ಹೋಗೋದು. ಪೊಟ್ಟಣಗಳ ಮೇಲೆ ನಟ ನಟಿಯರ ಮುಖ ಇರೋದಿಲ್ಲ, ಹೆಚ್ಚಿನ ಸಾಮಾನೆಲ್ಲ ಅಂಗಡಿಯ ಸ್ವಂತ ಲೇಬಲ್ಲಿನದು. ಹಾಲು, ಮೊಟ್ಟೆ, ಟಿಶ್ಯೂ ಪೇಪರ್ ಎಲ್ಲ ಸಿಗುತ್ತೆ, ಉದ್ದಿನಬೇಳೆಯೊಂದು ಬಿಟ್ಟು. ಈ ಸಲ ಹೋದಾಗ ನೋಡ್ತೀನಿ, ಬಾಗಿಲ ಪಕ್ಕದ ಕಪಾಟು ಮೇಲಿಂದ ಕೆಳಗಿನ ತನಕ ಹಸಿರೋ ಹಸಿರು. ಮಾಚಾ ವೇಫರ್, ಮಾಚಾ ಚಾಕೊಲೇಟ್ ಕಡ್ಡಿ, ಮಾಚಾ ಲಾಟೆ, ಮಾಚಾ ಐಸ್‌ಕ್ರೀಮ್. ಕೊರಿಯನ್ನರು ಇದನ್ನ ಮಾಲ್ಚಾ ಅಂತಾರೆ. ಅಕ್ಷರ ಅದೇ, ಉಚ್ಚಾರ ಬೇರೆ.

ಜೊತೆಗಿದ್ದ ಮಗಳು ಕೇಳಿದಳು, "ಅಮ್ಮಾ, ಮಾಲ್ಚಾ ಅಂದ್ರೆ ಸಿಹಿ ಅಲ್ವಾ?"

ಅವಳಿಗೆ ಏಳು ವರ್ಷ. ಹುಟ್ಟಿದ್ದು ಇಲ್ಲೇ. ಅವಳು ಇದುವರೆಗೆ ತಿಂದ ಮಾಚಾ ಎಲ್ಲವೂ ಸಿಹಿಯೇ ಆದ್ದರಿಂದ ಅವಳು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೂ ನನಗೆ ಅದು ಒಂಥರಾ ಚುಚ್ಚಿತು. ಚಿಕೋರಿ ಕಷಾಯ ಕುಡಿದ ಮಗು ಕಾಫಿ ಅಂದ್ರೆ ಇದೇ ಅಲ್ವಾ ಅಂತ ಕೇಳಿದ ಹಾಗೆ. ಸರಿ, ಆರು ಬಗೆ ತಗೊಂಡು ಬಂದೆ. ಒಟ್ಟು ಇಪ್ಪತ್ತು ಸಾವಿರ ವೊನ್ ಒಳಗೇ ಆಯ್ತು. ನಮ್ಮ ರೂಪಾಯಿಯಲ್ಲಿ ಹತ್ತಿರ ಹತ್ತಿರ ಸಾವಿರದ ಇನ್ನೂರು. ಸೋಲ್‌ನ ಒಳ್ಳೆ ಕೆಫೆಯಲ್ಲಾದರೆ ಆ ದುಡ್ಡಿಗೆ ಮೂರು ಲಾಟೆ.

ಹೋಲಿಸೋಕೆ ನನ್ನ ನಾಲಿಗೆಯಲ್ಲಿ ಒಂದು ನೆನಪಿದೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಹಾದೊಂಗ್‌ಗೆ ಹೋಗಿದ್ವಿ. ಜಿರಿ ಬೆಟ್ಟದ ತಪ್ಪಲು. 828ರಲ್ಲಿ ಚೀನಾದ ಟ್ಯಾಂಗ್ ಆಸ್ಥಾನದಿಂದ ಮರಳಿದ ರಾಯಭಾರಿ ಚಹಾ ಬೀಜ ತಂದ, ರಾಜ ಅದನ್ನ ಜಿರಿ ಬೆಟ್ಟದಲ್ಲಿ ನೆಡಿಸಿದ ಅಂತ ಕೊರಿಯಾದ ಹಳೆಯ ಇತಿಹಾಸ ಗ್ರಂಥ 'ಸಾಮ್ಗುಕ್ ಸಾಗಿ' ಹೇಳುತ್ತೆ. ಆ ಜಾಗ ನಮ್ಮದೇ ಅಂತಾರೆ ಹಾದೊಂಗ್‌ನವರು. ಅಲ್ಲೊಂದು ಪುಟ್ಟ ಚಹಾ ಮನೆಯಲ್ಲಿ ಅಜ್ಜಿಯೊಬ್ಬರು ಬಿದಿರಿನ ಕಡಗೋಲಿನಂಥದ್ದರಲ್ಲಿ ಪುಡಿಯನ್ನ ಬಿಸಿನೀರಿಗೆ ಕಡೆದು ಕೊಟ್ಟರು. ಸಕ್ಕರೆ ಇಲ್ಲ, ಹಾಲಿಲ್ಲ. ಮೊದಲು ಕಹಿ, ಆಮೇಲೆ ಸಾರಿನಂಥ ಒಂದು ದಪ್ಪ ರುಚಿ, ಕೊನೆಗೆ ನೆಲ್ಲಿಕಾಯಿ ತಿಂದ ಮೇಲೆ ನೀರು ಕುಡಿದರೆ ಬರುತ್ತಲ್ಲ, ಅಂಥ ಸಿಹಿ. ನಡುವೆ ನಾಲಿಗೆಯನ್ನ ಸ್ವಲ್ಪ ಹಿಡಿದುಕೊಳ್ಳುವ ಒಗರು. ಆ ಬಟ್ಟಲೇ ನನ್ನ ಅಳತೆಗೋಲು. ಅಗ್ಗದ ಬಿಸ್ಕತ್ತನ್ನ ಇದರ ಪಕ್ಕ ಇಡೋದು ಅನ್ಯಾಯ ಅಂತ ಗೊತ್ತು. ಆದರೆ ಪೊಟ್ಟಣದ ಮೇಲೆ ಅದೇ ಹೆಸರು ಬರೆದುಕೊಂಡವರು ಅವರು, ನಾನಲ್ಲ.

ಆ ಹೆಸರಿಗೆ ಯಾಕೆ ಅಷ್ಟು ಬೆಲೆ? ಮಾಚಾ ಆಗುವ ಗಿಡಕ್ಕೆ ಕೊಯ್ಲಿನ ಮೊದಲು ಮೂರು ನಾಲ್ಕು ವಾರ ನೆರಳು ಹೊದಿಸ್ತಾರೆ. ಬಿಸಿಲು ಸಿಗದ ಎಲೆ ಹರಿತ್ತನ್ನ ಹೆಚ್ಚು ಮಾಡಿಕೊಂಡು ಕಡು ಹಸಿರಾಗುತ್ತೆ. ಆ ಸಾರಿನ ರುಚಿ ಕೊಡುವ ಥಿಯಾನಿನ್ ಉಳಿಯುತ್ತೆ, ಒಗರು ಹದಕ್ಕೆ ಬರುತ್ತೆ. ಆಮೇಲೆ ಎಲೆಯನ್ನ ಹಬೆಯಲ್ಲಿ ಬೇಯಿಸಿ, ಒಣಗಿಸಿ, ನಾರು ದಂಟು ತೆಗೆದು, ಬೀಸುವ ಕಲ್ಲಿನಲ್ಲಿ ಬೀಸೋದು. ಒಂದು ಕಲ್ಲಿಗೆ ಗಂಟೆಗೆ ಬರೋದು ಬರೀ ಮೂವತ್ತು ನಲವತ್ತು ಗ್ರಾಂ. ಜೋರಾಗಿ ತಿರುಗಿಸಿದರೆ ಬಿಸಿಯಾಗಿ ಪರಿಮಳ ಹೋಗುತ್ತೆ. ಇಂಥದ್ದಕ್ಕೆ ಜಗತ್ತೆಲ್ಲ ಒಟ್ಟಿಗೆ ಮುಗಿಬಿದ್ದರೆ ಏನಾಗಬೇಕು? 2024ರ ಶರತ್ಕಾಲದಲ್ಲಿ ಜಪಾನಿನ ಹಳೆಯ ಚಹಾ ಮನೆತನಗಳಾದ ಇಪ್ಪೊದೊ, ಮಾರುಕ್ಯು ಕೊಯಾಮಾಯೆನ್ ಗಿರಾಕಿಗೆ ಇಷ್ಟೇ ಡಬ್ಬಿ ಅಂತ ಮಿತಿ ಹಾಕಿದವು. ಅಂಥ ಹೊತ್ತಲ್ಲಿ ನಮ್ಮ ಬಸ್ ಸ್ಟಾಪ್ ಪಕ್ಕದ ಕಪಾಟು ತುಂಬಿ ತುಳುಕುತ್ತಿದೆ ಅಂದ್ರೆ ಪೊಟ್ಟಣದೊಳಗೆ ಏನಿರಬಹುದು, ನೀವೇ ಲೆಕ್ಕ ಹಾಕಿ.

ಈಗ ರುಚಿಗೆ ಬರೋಣ.

ವೇಫರ್: ಗಂಡನಿಗೆ ಕಣ್ಣು ಕಟ್ಟಿ ತಿನ್ನಿಸಿದೆ. "ವೆನಿಲ್ಲಾ," ಅಂದರು. ಇನ್ನೊಂದು ಕೊಟ್ಟೆ. "ವೆನಿಲ್ಲಾನೇ, ಸ್ವಲ್ಪ ಹಳೇದು." ಇದಕ್ಕಿಂತ ಚೆನ್ನಾಗಿ ವಿಮರ್ಶೆ ಬರೆಯೋಕೆ ನನಗೆ ಬರಲ್ಲ.

ಚಾಕೊಲೇಟ್ ಕಡ್ಡಿ: ಬಿಳಿ ಚಾಕೊಲೇಟಿಗೆ ಹಸಿರು ಬೆರೆಸಿದ್ದು. ಮೊದಲ ಕ್ಷಣ ಒಳ್ಳೆ ಹುಲ್ಲಿನ ವಾಸನೆ ಬಂತು, ಆಸೆಯಾಯ್ತು. ಅಷ್ಟರಲ್ಲಿ ಕೊಬ್ಬು ನಾಲಿಗೆಗೆ ಮೇಣ ಬಳಿದ ಹಾಗೆ ಕೂತುಬಿಡ್ತು. ಆಮೇಲೆ ಸಕ್ಕರೆಯದ್ದೇ ರಾಜ್ಯಭಾರ.

ಲಾಟೆ ಪುಡಿ: ಉದ್ದನೆಯ ಪುಟ್ಟ ಪೊಟ್ಟಣ, ಬಿಸಿನೀರಿಗೆ ಹಾಕಿದರೆ ಸಾಕು. ಹಿಂದೆ ಬರೆದಿರುವ ಸಾಮಾನಿನ ಪಟ್ಟಿಯಲ್ಲಿ ಸಕ್ಕರೆ ಮೊದಲು, ಕ್ರೀಮರ್ ಆಮೇಲೆ. ಚಹಾ ಎಲ್ಲೋ ಕೊನೆಯ ಬೆಂಚಿನಲ್ಲಿ. ಘಾಟು ಸಾಲದು ಅಂತ ಎರಡು ಪೊಟ್ಟಣ ಒಂದೇ ಲೋಟಕ್ಕೆ ಸುರಿದು ನೋಡಿದೆ. ಸಿಹಿ ದುಪ್ಪಟ್ಟಾಯ್ತು, ಕಹಿ ಇದ್ದಲ್ಲೇ ಇತ್ತು.

ಬಾಟಲಿ ಪಾನೀಯ: ಮುಚ್ಚಳ ತೆಗೆದರೆ ಬೆಂದ ಪಾಲಕ್. ಇದರಲ್ಲಿ ಆಶ್ಚರ್ಯ ಇಲ್ಲ. ಬಿಸಿ ತಾಗಿದರೆ ಹರಿತ್ತಿನೊಳಗಿನ ಮೆಗ್ನೀಸಿಯಂ ಕಳಚಿಕೊಂಡು ಹಸಿರು ಹೋಗಿ ಪಾಚಿ ಬಣ್ಣ ಬರುತ್ತೆ. ಹುರುಳಿಕಾಯಿ ಪಲ್ಯ ಜಾಸ್ತಿ ಬೇಯಿಸಿದವರಿಗೆಲ್ಲ ಗೊತ್ತು. ಬಾಟಲಿಯನ್ನ ಹೊರಗೆ ಕಾಣದ ಹಾಗೆ ಮಾಡಿರೋದು ಅದಕ್ಕೇ ಇರಬೇಕು.

ಐಸ್‌ಕ್ರೀಮ್: ಇದು ಪಾಸು. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಮಂಕಾಗುತ್ತೆ, ಆ ಸಂದಿಯಲ್ಲಿ ಕಹಿ ತಲೆ ಎತ್ತಿತು. ಕೊನೇ ಚಮಚದಲ್ಲಿ ಹಾದೊಂಗ್ ಒಂದು ಗಳಿಗೆ ನೆನಪಾಯ್ತು. ಒಂದು ಗಳಿಗೆ ಅಷ್ಟೇ, ಆದರೆ ಆಯ್ತು.

ಆರನೆಯದು ಕಪಾಟಿನ ತೀರ ಕೆಳಗೆ, ಗೋಧಿಹಿಟ್ಟಿನ ಪಕ್ಕದಲ್ಲಿತ್ತು. ಅದರ ಮೇಲೆ ಮಾಲ್ಚಾ ಅಂತ ಬರೆದೇ ಇಲ್ಲ. ನೊಕ್ಚಾ ಪುಡಿ, ಅಂದ್ರೆ ಬರೀ ಹಸಿರು ಚಹಾ ಪುಡಿ, ನೂರಕ್ಕೆ ನೂರು. ಅಡುಗೆಗೆ ಅಂತ ಮಾಡಿದ್ದು. ನೆರಳಿಗೆ ಹಾಕದ ಎಲೆ. ಬಣ್ಣ ಹಳದಿ ಕಡೆಗೆ ವಾಲಿದ್ದು, ಫೋಟೋಗೆ ನಾಲಾಯಕ್ಕು. ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದು, ಕುದಿ ಇಳಿದ ನೀರು ಹಾಕಿ, ಫೋರ್ಕಿನಲ್ಲಿ ಕಲಕಿದೆ. ಒರಟು. ಕಹಿ. ಒಗರಂತೂ ಬೇಕಾದಷ್ಟು. ಹಾದೊಂಗ್ ಅಜ್ಜಿಯ ಬಟ್ಟಲಿಗೂ ಇದಕ್ಕೂ ರೇಷ್ಮೆಗೂ ಗೋಣಿಗೂ ಇರುವ ಅಂತರ ಇದೆ. ಆದರೆ ಗೋಣಿಯೂ ನೇಯ್ದದ್ದೇ ತಾನೆ? ಕುಡಿಯುತ್ತಿರೋದು ಒಂದು ಗಿಡದ ಎಲೆ ಅಂತ ಗೊತ್ತಾಗುತ್ತೆ.

ಹಾಗಂತ ಅಂಗಡಿಯವರು ಮೋಸ ಮಾಡಿದ್ದಾರೆ ಅನ್ನೋಕೆ ಬರೋದಿಲ್ಲ. ಕೊರಿಯಾದಲ್ಲಿ ತಿಂಡಿಯ ಹೆಸರಲ್ಲಿ ಒಂದು ಪದಾರ್ಥದ ಹೆಸರು ಸೇರಿಸಿದರೆ ಅದು ನೂರಕ್ಕೆ ಎಷ್ಟಿದೆ ಅಂತ ಪೊಟ್ಟಣದ ಮುಂಭಾಗದಲ್ಲೇ ಹಾಕಬೇಕು. ಹಾಕಿದ್ದರು. ನನ್ನ ವೇಫರಿನ ಮೇಲಿದ್ದ ಅಂಕಿ ಒಂದಕ್ಕೂ ಕಡಿಮೆ. ಆ ಗಾಢ ಹಸಿರಿಗೆ ಗಾರ್ಡೀನಿಯಾ ಬಣ್ಣವೂ ಕೈ ಜೋಡಿಸಿದೆ ಅಂತ ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇತ್ತು. ಓದದೇ ಬುಟ್ಟಿಗೆ ಹಾಕಿಕೊಂಡವಳು ನಾನು. ಹಸಿರು ಕಂಡಿತು, ಕೈ ಚಾಚಿದೆ.

ನಮ್ಮೂರಿನ ಕಾಫಿಪುಡಿ ಅಂಗಡಿ ನೆನಪಾಯ್ತು. ಭಾರತದ ಕಾನೂನಿನ ಪ್ರಕಾರ ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರೋ ಹಾಗಿಲ್ಲ. ಅದೆಲ್ಲ ಅಪ್ಪನಿಗೆ ಗೊತ್ತಿರಲಿಲ್ಲ. ತಿಂಗಳ ಮೊದಲಲ್ಲಿ ಚಿಕೋರಿ ಕಮ್ಮಿ ಹಾಕಿಸ್ತಿದ್ದರು, ಕೊನೆಯಲ್ಲಿ ಜಾಸ್ತಿ. ಅಂಗಡಿಯವರು ಕೇಳಿ, ತೂಗಿ, ಎದುರಿಗೇ ಬೆರೆಸಿ ಕೊಡ್ತಿದ್ದರು. ಅಮ್ಮನಿಗೆ ಮೊದಲ ಗುಟುಕಿಗೇ ತಿಂಗಳ ತಾರೀಕು ತಿಳೀತಿತ್ತು. ನಾವು ಕುಡಿದದ್ದು ಅಗ್ಗದ ಕಾಫಿಯೇ. ಆದರೆ ಎಷ್ಟು ಕಾಫಿ, ಎಷ್ಟು ಚಿಕೋರಿ ಅಂತ ಮನೆಯಲ್ಲಿ ಎಲ್ಲರ ನಾಲಿಗೆಗೂ ಗೊತ್ತಿತ್ತು.

ಈ ಹಸಿರು ಕಪಾಟಿನ ಬಗ್ಗೆ ನನ್ನ ತಕರಾರು ಅದೇ. ಅಗ್ಗ ಅನ್ನೋದಲ್ಲ. ದುಡ್ಡಿದ್ದವರಿಗೆ ರುಚಿ, ಇಲ್ಲದವರಿಗೆ ಬರೀ ಬಣ್ಣ ಅಂತ ಹಂಚಿಕೆ ಆಗಿಬಿಟ್ಟಿದೆಯಲ್ಲ, ಅದು. ಕಹಿ, ಒಗರು ತೆಗೆದು ಮಾಚಾ ಕೊಡೋದು ಹುಳಿ ತೆಗೆದು ಹುಣಸೆಹಣ್ಣು ಕೊಟ್ಟ ಹಾಗೆ. ಅದೂ ಅದೇ ಅಂಗಡಿಯ ಕೆಳಗಿನ ಸಾಲಿನಲ್ಲಿ ಅಷ್ಟೇ ಅಗ್ಗಕ್ಕೆ ಅಸಲಿ ಎಲೆಯ ಪುಡಿ ಬಗ್ಗಿ ನೋಡುವವರಿಲ್ಲದೆ ಕೂತಿರುವಾಗ.

ಮಗಳಿಗೂ ಆ ನೊಕ್ಚಾ ಒಂದು ಗುಟುಕು ಕೊಟ್ಟೆ. ಮುಖ ಹಿಂಡಿದಳು. "ತ್ತೊಲ್‌ಬೊ!" ಅಂದಳು. ಇಲ್ಲಿ ಕಾಯಿ ಪರ್ಸಿಮನ್ ಕಚ್ಚಿದರೆ ಮಕ್ಕಳ ಬಾಯಲ್ಲಿ ಬರುವ ಮಾತು. ಇಂಗ್ಲಿಷಿನಲ್ಲಿ ಇದಕ್ಕೆ ದಿನಬಳಕೆಯ ಪದವೇ ಇಲ್ಲ, ನಮ್ಮಲ್ಲಿದೆ. "ನಾವು ಅದನ್ನ ಒಗರು ಅಂತೀವಿ," ಅಂದೆ. "ಒಗರು," ಅಂತ ಎರಡು ಸಲ ಹೇಳಿಕೊಂಡಳು. ಹಣ್ಣಾಗದ ಬಾಳೆಕಾಯಿ, ಅಡಿಕೆ, ನೇರಳೆಹಣ್ಣು ಎಲ್ಲ ಲೆಕ್ಕ ಕೊಟ್ಟೆ. ನೇರಳೆಹಣ್ಣು ಹೋದ ಸಲ ಊರಿಗೆ ಹೋದಾಗ ತಿಂದದ್ದು ಅವಳಿಗೆ ನೆನಪಿತ್ತು.

ಆಮೇಲೆ ಆ ವೇಫರನ್ನ ನೊಕ್ಚಾದಲ್ಲಿ ಅದ್ದಿ ತಿಂದಳು. ನಾನೂ ಅದ್ದಿ ನೋಡಿದೆ. ಪರವಾಗಿಲ್ಲ, ಹಾಗೆ ತಿಂದರೆ ಎರಡೂ ಚೆನ್ನಾಗಿವೆ.