ನಾಯಿಕೆ ಮತ್ತು ಅವಳ ಮನೆ

ರಾಜಸ್ಥಾನಿ ಮತ್ತು ಪಹಾಡಿ ಚಿಕಣಿ ಚಿತ್ರಗಳ ನಾಯಿಕೆಯರು ಬಹುಮಟ್ಟಿಗೆ ಒಂದೇ ಅಚ್ಚಿನವರು. ಪಕ್ಕಕ್ಕೆ ತಿರುಗಿದ ಮುಖ, ಕಿವಿಯತ್ತ ಚಾಚಿದ ಕಣ್ಣು, ನೀಳ ಮೂಗು. ಮುನಿದವಳಿಗೂ ಕಾದವಳಿಗೂ ಒಲಿದವಳಿಗೂ ಅದೇ ಮುಖ. ಅವಳ ಮನಸ್ಸಿನಲ್ಲಿ ಏನಿದೆಯೆಂದು ಆ ಮುಖದಲ್ಲಿ ಹುಡುಕಿದರೆ ಹೆಚ್ಚೇನೂ ಸಿಗದು, ಮನೆಯಲ್ಲಿ ಹುಡುಕಬೇಕು. ಬಾಗಿಲು ತೆರೆದಿದೆಯೇ, ಮಂಚದಲ್ಲಿ ಹಾಸಿಗೆ ಹಾಸಿದೆಯೇ, ಹೊಸ್ತಿಲಿನ ಯಾವ ಬದಿಗೆ ಯಾರು ನಿಂತಿದ್ದಾರೆ ಎಂಬುದರಲ್ಲೇ ಕಥೆಯೆಲ್ಲ ಇರುತ್ತದೆ.

ಮನೆಯನ್ನು ಹೀಗೆ ಮಾತಾಡಿಸಿದ ಮೊದಮೊದಲ ಚಿತ್ರಗಳಲ್ಲಿ ಹದಿನಾರನೇ ಶತಮಾನದ ‘ಚೌರಪಂಚಾಶಿಕಾ’ ಮಾಲೆ ಮುಖ್ಯವಾದುದು. ಕಾವ್ಯ ಬಿಲ್ಹಣನದೆಂಬುದು ಪರಂಪರೆಯ ಮಾತು. ಕಾಶ್ಮೀರದಿಂದ ಬಂದು, ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ‘ವಿಕ್ರಮಾಂಕದೇವಚರಿತ’ ಬರೆದವನು ಈತನೇ. ರಾಜಕುಮಾರಿ ಚಂಪಾವತಿಯನ್ನು ಪ್ರೀತಿಸಿದ್ದಕ್ಕೆ ಮರಣದಂಡನೆಗೆ ಗುರಿಯಾದ ಕವಿ, ಅವಳೊಡನೆ ಕಳೆದ ಗಳಿಗೆಗಳನ್ನು ಒಂದೊಂದಾಗಿ ನೆನೆಯುತ್ತಾನೆ ಎಂಬುದು ಕಾವ್ಯದ ಸುತ್ತ ಬೆಳೆದ ಕಥೆ. ಉಳಿದು ಬಂದಿರುವ 18 ಹಾಳೆಗಳು ಅಹಮದಾಬಾದಿನ ಎನ್. ಸಿ. ಮೆಹ್ತಾ ಸಂಗ್ರಹದಲ್ಲಿವೆ. ನೆನಪನ್ನು ಚಿತ್ರಿಸುವುದು ಹೇಗೆ? ಚಿತ್ರಕಾರ ಅದಕ್ಕೊಂದು ಕೋಣೆ ಕಟ್ಟಿಕೊಟ್ಟ. ತೆಳ್ಳನೆಯ ಕಂಬ, ಮೇಲೊಂದು ಗುಮ್ಮಟ, ನೆರಳು-ಬೆಳಕಿಲ್ಲದೆ ಗಾಢವಾಗಿ ಬಳಿದ ಬಣ್ಣ. ಇಬ್ಬರಿಗೆ ಸಾಕಾಗುವಷ್ಟೇ ಜಾಗ. ಚಂಪಾವತಿ ಅಲ್ಲಿರುವವರೆಗೆ ಹೊರಗಿನ ರಾಜ್ಯಕ್ಕೂ ರಾಜಾಜ್ಞೆಗೂ ಚಿತ್ರದೊಳಗೆ ಪ್ರವೇಶವಿಲ್ಲ.

ಈ ಮನೆಗಳಿಗೆ ಎದುರುಗೋಡೆ ಇರುವುದಿಲ್ಲ. ಮನೆಯನ್ನು ಸೀಳಿಟ್ಟಂತೆ ಒಳಗೂ ಹೊರಗೂ ಒಟ್ಟಿಗೆ ಕಾಣುತ್ತವೆ. ಮಂಚವನ್ನು ಮೇಲಿನಿಂದ, ಕಂಬವನ್ನು ಎದುರಿನಿಂದ ನೋಡಿದಂತೆ ಬರೆದಿರುತ್ತಾರೆ. ಇದನ್ನು ಯಥಾದೃಷ್ಟಿ ಗೊತ್ತಿಲ್ಲದವರ ಕೆಲಸ ಎಂದು ತಳ್ಳಿಹಾಕಿದವರು ಎಷ್ಟೋ ಮಂದಿ. ಆದರೆ ಬಾಗಿಲಾಚೆ ನಿಂತವನಿಗೆ ಕಾಣದ್ದು ನೋಡುಗನಿಗೆ ಕಾಣಬೇಕಾದರೆ ಬೇರೆ ದಾರಿಯೇ ಇಲ್ಲ. ಪ್ರೇಮದ ಚಿತ್ರಕ್ಕೆ ಇಷ್ಟು ಒಪ್ಪುವ ಕಟ್ಟಡ ವಿಧಾನ ಇನ್ನೊಂದಿಲ್ಲ.

ಅಷ್ಟನಾಯಿಕೆಯರ ವಿಂಗಡಣೆ ಭರತನ ನಾಟ್ಯಶಾಸ್ತ್ರದಷ್ಟು ಹಳೆಯದು. ಚಿತ್ರಕಾರರು ಅದನ್ನು ಹೊಸ್ತಿಲಿನ ಲೆಕ್ಕಾಚಾರವಾಗಿ ಮಾಡಿಕೊಂಡರು. ವಾಸಕಸಜ್ಜಿಕೆ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದರೆ, ಒಳಗೆ ಸಖಿ ಹಾಸಿಗೆ ಸರಿಪಡಿಸುತ್ತಿರುತ್ತಾಳೆ. ಖಂಡಿತೆಯ ಇನಿಯ ಇರುಳೆಲ್ಲ ಬೇರೆಲ್ಲೋ ಕಳೆದು ಬೆಳಗಾದ ಮೇಲೆ ಬರುತ್ತಾನೆ. ಅವಳು ಮನೆಯೊಳಗೆ, ಅವನು ಹೊರಗೆ. ಜಗಳವಾಡಿದ ಕಲಹಾಂತರಿತೆಯ ಚಿತ್ರದಲ್ಲಿ ಅವನು ಆಗಲೇ ಬೆನ್ನು ತಿರುಗಿಸಿ ಹೊರಟಿದ್ದಾನೆ. ಕಾಂಗ್ಡಾದ ಉತ್ಕಂಠಿತೆಗೆ ಮನೆಯೇ ಇಲ್ಲ, ಕಾಡಿನಂಚಿನಲ್ಲಿ ಎಲೆಗಳ ಹಾಸಿಗೆಯ ಮೇಲೆ ಕೂತಿದ್ದಾಳೆ. ಮೋಸಹೋದ ವಿಪ್ರಲಬ್ಧೆ ಅದೇ ಎಲೆಹಾಸಿಗೆಯ ಪಕ್ಕ ನಿಂತು ಒಡವೆ ಕಿತ್ತೆಸೆಯುತ್ತಾಳೆ.

ನಾಯಿಕೆಯರ ಬಗೆಗಳನ್ನು ವಿವರಿಸುವ ಭಾನುದತ್ತನ ‘ರಸಮಂಜರಿ’ಗೆ ಬಸೋಹ್ಲಿಯಲ್ಲಿ ಬರೆದ ಚಿತ್ರಗಳಲ್ಲಿ ಈ ಮನೆ ಅತ್ಯಂತ ಶ್ರೀಮಂತವಾಗಿದೆ. ಒಂದು ಮಾಲೆಯನ್ನು ರಾಜಾ ಕೃಪಾಲ್ ಪಾಲನಿಗಾಗಿ ದೇವೀದಾಸ 1694–95ರಲ್ಲಿ ಮುಗಿಸಿದ. ಕೆತ್ತನೆಯ ಬಾಗಿಲು, ಗೋಡೆಗೂಡಿನಲ್ಲಿ ಪನ್ನೀರಿನ ಸೀಸೆ, ನೆಲಕ್ಕೆ ಜಮಖಾನೆ, ಹಿಂದೆ ಒಂದೇ ಸಮನೆ ಹರಡಿದ ಹಳದಿ. ಅದಕ್ಕೂ ಹಿಂದಿನ ಮಾಲೆಯಲ್ಲಿ ಪಚ್ಚೆ ಹರಳಿಗೆ ಬದಲು ಜೀರುಂಡೆಯ ಮಿರುಗುವ ರೆಕ್ಕೆಯ ಚೂರುಗಳನ್ನೇ ಅಂಟಿಸಿದ್ದಾರೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅವು ಇಂದಿಗೂ ಹಸಿರಾಗಿ ಹೊಳೆಯುತ್ತವೆ. ಇಷ್ಟು ಅಲಂಕಾರದ ನಡುವೆ ದೇವೀದಾಸ ಒಂದು ಹಾಳೆಯಲ್ಲಿ ಶಿವ-ಪಾರ್ವತಿಯರನ್ನು ಹುಲಿಚರ್ಮದ ಮೇಲೆ ಪಗಡೆಗೆ ಕೂರಿಸಿದ್ದಾನೆ. ಗೋಡೆಯಿಲ್ಲ, ಸೂರಿಲ್ಲ. ಶಿವ ಮೋಸದಿಂದ ಹಾರ ಗೆದ್ದುಕೊಂಡಿದ್ದಾನೆ, ಪಾರ್ವತಿ ಅದಕ್ಕಾಗಿ ಕೈ ಚಾಚಿದ್ದಾಳೆ. ಮನೆಯಿಲ್ಲದ ಈ ದಂಪತಿಯೇ ಇಡೀ ಮಾಲೆಯಲ್ಲಿ ಹೆಚ್ಚು ಸಂಸಾರಸ್ಥರಂತೆ ಕಾಣುತ್ತಾರೆ. ಹಾಳೆ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಮನೆಯೇ ವಾದದ ವಿಷಯವಾಗುವುದು ಬಾರಾಮಾಸಾ ಚಿತ್ರಗಳಲ್ಲಿ. ಓರ್ಛಾದ ಕೇಶವದಾಸ 1601ರಲ್ಲಿ ಬರೆದ ‘ಕವಿಪ್ರಿಯಾ’ದಲ್ಲಿ ಪ್ರಯಾಣ ಹೊರಟವನಿಗೆ ನಾಯಿಕೆ ತಿಂಗಳಿಗೊಂದು ಕಾರಣ ಕೊಡುತ್ತಾಳೆ: ಈ ತಿಂಗಳು ಬೇಡ, ಮನೆಯಲ್ಲೇ ಇರು. ಹನ್ನೆರಡು ತಿಂಗಳಿಗೂ ಕಾರಣ ಸಿಗುತ್ತದೆ! ಬೂಂದಿ, ಕೋಟಾದ ಚಿತ್ರಕಾರರು ಇದಕ್ಕೊಂದು ಜಾಣ ವಿನ್ಯಾಸ ಹೂಡಿದರು. ದಂಪತಿಯನ್ನು ಬಿಳಿ ಉಪ್ಪರಿಗೆಯ ಮೇಲೇರಿಸಿ, ಕೆಳಗೂ ದೂರಕ್ಕೂ ಆ ತಿಂಗಳ ಲೋಕವನ್ನು ಹರಡಿದರು. ಫಾಲ್ಗುಣದಲ್ಲಿ ಬೀದಿಯೆಲ್ಲ ಹೋಳಿಯ ಬಣ್ಣ. ಜ್ಯೇಷ್ಠದಲ್ಲಿ ಬಿಸಿಲಿಗೆ ಸೋತ ಆನೆಯೂ ಹುಲಿಯೂ ಹಗೆ ಮರೆತು ಬಿದ್ದುಕೊಂಡಿವೆ. ಭಾದ್ರಪದದಲ್ಲಿ ಕಾರ್ಮೋಡ, ಮಿಂಚು. ಹೊರಗಿನದು ಹಬ್ಬವಾಗಲಿ ಹೆದರಿಕೆಯಾಗಲಿ, ಎರಡೂ ಮನೆಯ ಪರವಾಗಿಯೇ ಸಾಕ್ಷಿ ಹೇಳುತ್ತವೆ.

ಮನೆಗೆ ಸೇರದ ಪ್ರೇಮಕ್ಕೆ ಪಹಾಡಿ ಚಿತ್ರಕಾರರು ಕೊಟ್ಟದ್ದು ನಿಕುಂಜ. 1775ರ ಸುಮಾರಿನ ‘ಗೀತಗೋವಿಂದ’ ಮಾಲೆಯಲ್ಲಿ ರಾಧಾಕೃಷ್ಣರಿಗೆ ಕೊಂಬೆಗಳೇ ಕಮಾನು, ಚಿಗುರೇ ಹಾಸಿಗೆ, ಯಮುನೆಯೇ ಅಂಗಳದ ಅಂಚು. ಇನಿಯನನ್ನು ಕೂಡಲು ಇರುಳಲ್ಲಿ ಹೊರಟ ಅಭಿಸಾರಿಕೆಗೆ ಅದೂ ಇಲ್ಲ. ಕಾಲಿಗೆ ಸುತ್ತಿದ ಹಾವು, ಮಿಂಚು, ಕತ್ತಲ ಕಾಡು, ಇಷ್ಟೇ. ಅಭಿಸಾರಿಕೆಯ ಚಿತ್ರಗಳು ಜನಪ್ರಿಯವಾದರೂ ಕಲ್ಪನೆಯಲ್ಲಿ ತುಸು ಸುಲಭದವು. ಭಯಾನಕವನ್ನು ಒಟ್ಟುಗೂಡಿಸುವುದಕ್ಕಿಂತ ಖಾಲಿ ಮಂಚದಲ್ಲಿ ವಿರಹ ಕಾಣಿಸುವುದು ಕಷ್ಟ.

ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಯಥಾದೃಷ್ಟಿ ಬಂದ ಮೇಲೆ ಈ ಭಾಷೆ ಸೊರಗಿತು. ಕೋಣೆಗೆ ಆಳ ಬಂತು, ನೆರಳು ಬಿತ್ತು, ಭಾವ ಮುಖಕ್ಕೆ ಸ್ಥಳಾಂತರವಾಯಿತು. ರಾಜಾ ರವಿವರ್ಮನ 1893ರ ‘ಅಗೋ ಅಪ್ಪ ಬಂದರು’ ಚಿತ್ರದಲ್ಲಿ ಮಗುವನ್ನೆತ್ತಿಕೊಂಡ ತಾಯಿ ಚೌಕಟ್ಟಿನಾಚೆಗೆ ನೋಡುತ್ತಿದ್ದಾಳೆ, ಕಾಲ ಬಳಿಯ ನಾಯಿಯೂ ಅತ್ತಲೇ ನೋಡುತ್ತಿದೆ. ಬರುತ್ತಿರುವವನು ಕಾಣುವುದಿಲ್ಲ. ಮನೆಯವರೆಲ್ಲ ಹೀಗೆ ಹೊರಗೆ ಕಣ್ಣಿಟ್ಟಿರುವುದು ವಾಸಕಸಜ್ಜಿಕೆಯ ಪರಂಪರೆಯದೇ. ಅದನ್ನು ಹೇಳುವ ಹೊಣೆ ಮಾತ್ರ ಈಗ ಗೋಡೆ-ಬಾಗಿಲುಗಳದ್ದಲ್ಲ, ನೋಟದ್ದು.