ಕನ್‌ಫ್ಯೂಷಿಯಸನ ಬೋಧೆ ಮತ್ತು ಬಳ್ಳಿಗಾವೆಯ ವಿದ್ಯಾಪರಂಪರೆ

ಹಿರಿಯರಿಗೆ ವಿಧೇಯತೆ, ಗುರುವಿಗೆ ಶರಣಾಗತಿ, ಪ್ರಭುತ್ವಕ್ಕೆ ನಿಷ್ಠೆ: ಚೀನಾದ ಕನ್‌ಫ್ಯೂಷಿಯಸನ ಬೋಧೆಯೆಂದರೆ ಇಷ್ಟೇ ಎಂಬ ತಿಳಿವಳಿಕೆ ರೂಢವಾಗಿದೆ. ಶಾಲೆಗಳಲ್ಲಿ ಶಿಸ್ತು ಅಳಿಯಿತೆಂದು ಮರುಗುವವರು ಈ ಮೌಲ್ಯಗಳನ್ನೇ ಮದ್ದೆಂದು ಸೂಚಿಸುವುದುಂಟು. ಆದರೆ ಕ್ರಿ.ಪೂ. 551ರಿಂದ 479ರವರೆಗೆ ಬಾಳಿದ ಆ ಆಚಾರ್ಯನ ಸಂವಾದಗಳನ್ನು ಶಿಷ್ಯಪರಂಪರೆಯು ಸಂಗ್ರಹಿಸಿದ ‘ಲುನ್ ಯು’ ಗ್ರಂಥವನ್ನು ಓದಿದವರಿಗೆ ಬೇರೊಂದು ಚಿತ್ರವೇ ಕಾಣುತ್ತದೆ. ಪ್ರಿಯಶಿಷ್ಯನಾದ ಯಾನ್ ಹುಯಿಯು ತಾನು ನುಡಿದುದೆಲ್ಲವನ್ನೂ ಒಪ್ಪಿ ಸಂತೋಷಪಡುತ್ತಾನೆ, ಅವನಿಂದ ತನಗೆ ನೆರವಿಲ್ಲ ಎಂದು ಗುರುವೇ ಅಲ್ಲಿ ಹೇಳುತ್ತಾನೆ. ಇನ್ನೊಬ್ಬ ಶಿಷ್ಯ ಜಿಲುವಿಗೆ ಗುರುವಿನ ನಡೆಯೊಂದು ಹಿಡಿಸದೆ ಹೋದಾಗ, ಗುರು ಆಣೆಯಿಟ್ಟು ತನ್ನ ನಿರ್ದೋಷತೆಯನ್ನು ಸಾರಬೇಕಾಗುತ್ತದೆ. ಇದನ್ನು ಬರಿಯ ವಿಧೇಯತೆಯೆನ್ನುವುದು ಹೇಗೆ?

ಆ ಬೋಧೆ ಜಡವಾದುದರಲ್ಲಿ ಪರೀಕ್ಷೆಯ ಪಾಲು ದೊಡ್ಡದು. ಅಧಿಕಾರಿಗಳನ್ನು ಆರಿಸಲು ನಡೆಯುತ್ತಿದ್ದ ಸಾಮ್ರಾಜ್ಯದ ಪರೀಕ್ಷೆಗಳಿಗೆ 1313ರಲ್ಲಿ ಝು ಷಿಯ ವ್ಯಾಖ್ಯಾನವನ್ನೇ ಪ್ರಮಾಣವಾಗಿ ಗೊತ್ತುಪಡಿಸಲಾಯಿತು. ಮಿಂಗ್ ಅರಸರ ಕಾಲಕ್ಕೆ ಉತ್ತರದ ಆಕಾರವೂ ಎಂಟು ಅಂಗಗಳ ಪ್ರಬಂಧವಾಗಿ ಬಿಗಿದುಕೊಂಡಿತು. 1905ರಲ್ಲಿ ಪರೀಕ್ಷೆ ರದ್ದಾಗುವವರೆಗೂ ಕಂಠಪಾಠಕ್ಕೆ ಕುಂದು ಬರಲಿಲ್ಲ. ಅಂಕಗಳ ಬೆನ್ನು ಹತ್ತಿರುವ ನಮ್ಮ ಶಿಕ್ಷಣಕ್ಕೆ ಈ ಕಥೆ ಅಪರಿಚಿತವೇನಲ್ಲ.

ಗುರುವಿನೆದುರು ಪ್ರಶ್ನೆಗೆ ಎಡೆಯಿದ್ದ ವಿದ್ಯೆಯನ್ನು ಅರಸಿ ಚೀನಾದವರೆಗೆ ಹೋಗಬೇಕಾಗಿಯೂ ಇಲ್ಲ. ಆನವಟ್ಟಿಯಿಂದ ಶಿರಾಳಕೊಪ್ಪದ ಹಾದಿ ಹಿಡಿದರೆ ಬಳ್ಳಿಗಾವೆ ದೊರೆಯುತ್ತದೆ. ಅಲ್ಲಿಯ ಕೋಡಿಯ ಮಠವನ್ನು ಕುರಿತ 1162ರ ಶಾಸನ ವೇದ, ವ್ಯಾಕರಣ, ಪುರಾಣ, ಕಾವ್ಯಗಳ ವ್ಯಾಖ್ಯಾನವನ್ನು ಹೇಳುತ್ತ, ನ್ಯಾಯ, ವೈಶೇಷಿಕ, ಸಾಂಖ್ಯಗಳೊಡನೆ ಬೌದ್ಧದರ್ಶನವನ್ನೂ ಎಣಿಸುತ್ತದೆ. ದೀನರಿಗೆ, ಕುಂಟರಿಗೆ, ಕುರುಡರಿಗೆ ಅನ್ನ, ರೋಗಿಗಳಿಗೆ ಔಷಧ ಅಲ್ಲಿ ದೊರೆಯುತ್ತಿತ್ತು. ಕಾಳಾಮುಖ ಶೈವರ ಮಠವೊಂದು ಪರಮತದ ದರ್ಶನಕ್ಕೂ ತನ್ನಲ್ಲಿ ಸ್ಥಾನವಿತ್ತುದು ಸಾಮಾನ್ಯ ಸಂಗತಿಯಲ್ಲ. ಶಾಸನವೆಂದರೆ ಪ್ರಶಸ್ತಿಯೂ ಹೌದು. ಅತಿಶಯವನ್ನು ಕಳೆದರೂ ಆದರ್ಶ ಉಳಿಯುತ್ತದೆ.

ಅಲ್ಲಮಪ್ರಭುದೇವರು ಇದೇ ಬಳ್ಳಿಗಾವೆಯವರು. ‘ಶೂನ್ಯಸಂಪಾದನೆ’ಯಲ್ಲಿ ಅವರನ್ನು ಕಂಡವರೆಲ್ಲ ತಲೆಬಾಗಿ ಸುಮ್ಮನಾಗುವುದಿಲ್ಲ. ಇಲ್ಲಿ ಕನ್‌ಫ್ಯೂಷಿಯಸನ ಕೊರತೆಯೂ ಎದ್ದು ಕಾಣುತ್ತದೆ: ಅವನ ಶಿಷ್ಯಮಂಡಲಿಯಲ್ಲಿ ಸ್ತ್ರೀಯೊಬ್ಬಳೂ ಇಲ್ಲ. ಅಣ್ಣನೂ ಗುರುವೂ ಆದ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನಾದರೋ, ಸಮಾಧಾನ ಹೇಳಬಂದ ಪ್ರಭುದೇವರನ್ನೇ ಪರೀಕ್ಷಿಸುತ್ತಾಳೆ. ಅರಿವು ನೆಲೆಗೊಂಡವನಿಗೆ ಇನ್ನೂ ಮಾತಿನ ಹಂಗೇಕೆ ಎಂದು ಕೇಳುತ್ತಾಳೆ. ಪ್ರಭುದೇವರು ಮುನಿಯುವುದಿಲ್ಲ, ಆಕೆಯನ್ನು ಗದರಿಸುವುದೂ ಇಲ್ಲ. ಕುಳಿತು ಉತ್ತರ ಹೇಳುತ್ತಾರೆ.